ರಾಣಿಯ ಪಕ್ಕದ ಸರ್ದಾರ್ಜಿ

ಲಿಫ್ಟಿನಲ್ಲಿ ಯಾರದೋ ಮನೆಯ ಸಾಸಿವೆ ಎಣ್ಣೆಯ ವಾಸನೆ, ಅದರ ಜೊತೆಗೆ ಹೊಗೆ, ದಸರಾ ಮುಗಿದ ಮೇಲೆ ದೆಹಲಿಗೆ ಹೊಗೆ ತಪ್ಪಿದ್ದಲ್ಲ, ಗಂಟಲು ಕೆರೆಯುತ್ತಿದೆ — ಅಂಕಿಗಳು ಕೆಂಪಗೆ ಮೇಲೇರುತ್ತಿವೆ, ಲಿಫ್ಟು ನಡುವೆಯೇ ನಿಂತು ಸಂಜೆಯವರೆಗೆ ಯಾರೂ ಬಿಡಿಸದೆ ಹೋಗಬಾರದೇ ಅಂದುಕೊಂಡಳು ಸಿಂಧೂರ, ಆದರೆ ದ್ವಾರಕಾದ ಸೊಸೈಟಿಗಳಲ್ಲಿ ಜನರೇಟರ್ ಇರುತ್ತದೆ, ಪಾಪ ಮಾಡಿದವರನ್ನೂ ಅದು ಸರಿಯಾಗಿ ಮೇಲಕ್ಕೆ ತಲುಪಿಸುತ್ತದೆ. ಬೆಳಿಗ್ಗೆ ಗಿರಿಜಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ, ಸಿಂಧೂ, ಸ್ವಲ್ಪ ಬಂದು ಹೋಗಮ್ಮ, ಒಂದು ಕೆಲಸ ಇದೆ, ನಿನ್ನ ಬಿಟ್ಟು ಇನ್ಯಾರನ್ನ ಕೇಳಲಿ. ಗೊತ್ತಾಗಿಬಿಟ್ಟಿದೆಯೇ, ಗೊತ್ತಾಗಿದ್ದರೆ ಬಾಯಲ್ಲಿ ಅಮ್ಮ ಅನ್ನುವ ಮಾತು ಬರುತ್ತಿತ್ತೇ, ಗೊತ್ತಾಗಿಲ್ಲ ಅಂದರೆ ಅದು ಇನ್ನೂ ಕೆಟ್ಟದ್ದು, ಆ ಮುಖ ನೋಡಿಕೊಂಡು ಕೂರಬೇಕು. ನಾಲ್ಕು ವರ್ಷದಿಂದ ಒಂದು ಬ್ಲಾಗು, ‘ಬೆಟ್ಟದ ಬುಡದವಳು’ ಅಂತ ಹೆಸರಿಟ್ಟುಕೊಂಡು, ರಾಯ್ಸಿನಾ ಬೆಟ್ಟದ ಮೇಲೆ ದೊಡ್ಡವರು ಕೂತಿರುತ್ತಾರೆ, ಬುಡದಲ್ಲಿ ನಾನು, ಎಷ್ಟು ಜಾಣತನದ ಹೆಸರು ಅಂತ ತನಗೆ ತಾನೇ ಬೆನ್ನು ತಟ್ಟಿಕೊಂಡಿದ್ದಳು — ಮೊದಮೊದಲು ಹುಳಿಪುಡಿ, ಮೆಟ್ರೋ, ಮಗಳು ಅದಿತಿ ಕನ್ನಡದಲ್ಲಿ ಶುರು ಮಾಡಿ ಹಿಂದಿಯಲ್ಲಿ ಮುಗಿಸುವ ಮಾತು, ಇವನ್ನೆಲ್ಲ ಬರೆದರೆ ನಾಯಿಯೂ ಮೂಸಿ ನೋಡಲಿಲ್ಲ. ಒಂದು ದಿನ ಯಾವುದೋ ಮದುವೆಯಲ್ಲಿ ಕೇಳಿದ ಒಬ್ಬ ಸಂಸದರ ಸುದ್ದಿ ಹಾಕಿದಳು, ರಾತ್ರಿ ಬೆಳಗಾಗುವುದರೊಳಗೆ ಕನ್ನಡ ನಾಡೆಲ್ಲ ಓದಿತ್ತು, ಯಾರೀಕೆ, ಎಂಥ ಬರವಣಿಗೆ, ಯಾರೀಕೆ. ಆಮೇಲೆ ಹುಳಿಪುಡಿಗೆ ಕೈ ಬರಲಿಲ್ಲ. ಗಂಡ ರಘುನಂದನ್ ಒಬ್ಬನಿಗೇ ಈ ಗುಟ್ಟು ಗೊತ್ತು, ಗುರುಗ್ರಾಮದ ಆಫೀಸಿನಿಂದ ಬಂದವನೇ ಇವತ್ತೆಷ್ಟು ಜನ ಓದಿದರು ಅಂತ ಕೇಳುತ್ತಿದ್ದ, ಹೆಂಡತಿಯ ಮುಖ ನೋಡುವುದಕ್ಕಿಂತ ಮೊದಲು.

ಸುದ್ದಿ ಬೇಕಿತ್ತು, ಸುದ್ದಿ ಗಿರಿಜಮ್ಮನ ಅಡುಗೆಮನೆಯಲ್ಲಿ ಸಿಕ್ಕಿತು, ನವರಾತ್ರಿಯ ಗೊಂಬೆ ಆರತಿಯ ದಿನ. ನಡುಮನೆಯಲ್ಲಿ ಹೆಂಗಸರು ಹಾಡು ಹೇಳುತ್ತಿದ್ದರು, ಒಳಗೆ ಗಿರಿಜಮ್ಮ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ, ನಿನ್ನ ಹತ್ತಿರ ಹೇಳ್ಕೊಂಡರೆ ಮನಸ್ಸು ಹಗುರ ಆಗುತ್ತೆ ಕಣೆ, ನಮ್ಮ ಯಜಮಾನರು ಒಂದು ಫೈಲಿಗೆ ಸಹಿ ಹಾಕಲ್ಲ ಅಂತ ಕೂತಿದಾರೆ, ಮಂತ್ರಿಗಳ ಅಳಿಯಂದು ಅಂತೆ ಕಂಪನಿ, ಮಾರ್ಚ್‌ಗೆ ರಿಟೈರ್ ಆಗೋರು, ಈಗ ಯಾಕೆ ಇವರಿಗೆ ಈ ಹಟ. ಕೃಷ್ಣಮೂರ್ತಿಯವರು, ಡೆಪ್ಯುಟಿ ಸೆಕ್ರೆಟರಿ, ಯಾರೂ ನೋಡದಿದ್ದರೂ ರಸ್ತೆಯ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ. ಆ ರಾತ್ರಿಯೇ ಬರೆದಳು, ಹೆಸರು ಹಾಕಲಿಲ್ಲ, ಇಲಾಖೆ ಹೇಳಲಿಲ್ಲ, ದ್ವಾರಕಾ ಅಂತಲೂ ಹೇಳಲಿಲ್ಲ, ಎಲ್ಲ ಮುಚ್ಚಿದಳು, ಮುಚ್ಚಿ ಓದಿ ನೋಡಿದರೆ ಬರಹ ಸಪ್ಪೆ, ಉಪ್ಪಿಲ್ಲದ ಸಾರು, ಆಗ ಆ ಗೊಂಬೆ ನೆನಪಾಯಿತು — ಗಿರಿಜಮ್ಮನ ತವರಿನ ಪಟ್ಟದ ಗೊಂಬೆಗಳಲ್ಲಿ ರಾಜ ಕಳೆದುಹೋಗಿದ್ದಾನೆ, ಆರ್.ಕೆ. ಪುರಂ ಕ್ವಾರ್ಟರ್ಸಿನಿಂದ ಸಾಮಾನು ಸಾಗಿಸುವಾಗ, ರಾಣಿಯನ್ನು ಒಂಟಿಯಾಗಿ ಕೂರಿಸಬಾರದು ಅಂತ ಕರೋಲ್ ಬಾಗಿನಲ್ಲಿ ಸಿಕ್ಕ ಪೇಟದ ಸರ್ದಾರ್ಜಿ ಗೊಂಬೆಯನ್ನು ಪಕ್ಕದಲ್ಲಿ ಕೂರಿಸುತ್ತಾರೆ, ಮೈಸೂರು ರಾಣಿಗೆ ಪಂಜಾಬಿ ಗಂಡ ಅಂತ ಹೆಂಗಸರು ವರ್ಷವರ್ಷವೂ ನಗುತ್ತಾರೆ. ಒಂದೇ ಸಾಲು, ಬರೆದಳು, ಬರಹಕ್ಕೆ ಜೀವ ಬಂತು. ಜೀವ ಬಂತು ಅಂತೆ, ಥೂ. ಇಡೀ ದೆಹಲಿಯಲ್ಲಿ ಅಂಥ ಜೋಡಿ ಒಂದೇ ಮನೆಯಲ್ಲಿರುವುದು ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ, ಓದಿದವರಿಗೆ ಹೊಳೆಯಿತು, ಹೋದ ವರ್ಷ ಕನ್ನಡ ಹೆಂಗಸರ ಗುಂಪಿನಲ್ಲಿ ಹಾಕಿದ್ದ ಫೋಟೋ ಯಾರೋ ಹುಡುಕಿ ತೆಗೆದರು, ರಾಣಿ, ಸರ್ದಾರ್ಜಿ, ಹಿಂದೆ ನಗುತ್ತಿರುವ ಗಿರಿಜಮ್ಮ, ಬಳೆ ತುಂಬಿದ ಕೈ. ಮೂರು ಬ್ಲಾಗುಗಳು ಆ ಮುಖದ ಸುತ್ತ ಕೆಂಪು ಗೆರೆ ಎಳೆದು ಹಾಕಿದವು. ಒಬ್ಬ ಬರೆದ, ಗಂಡ ಫೈಲು ತೋರಿಸುತ್ತಾನೆ ಹೆಂಡತಿ ಬ್ಲಾಗು ಬರೆಯುತ್ತಾಳೆ, ಬೆಟ್ಟದ ಬುಡದವಳು ಇವಳೇ. ಇನ್ನೊಬ್ಬ, ಅಳಿಯನ ಹತ್ತಿರ ಕೇಳಿದ್ದು ಸಿಗಲಿಲ್ಲ, ಅದಕ್ಕೇ ಈ ಸತ್ಯಸಂಧತೆ. ಮತ್ತೊಬ್ಬ ವಿರೋಧ ಪಕ್ಷದವನು ಇವರನ್ನು ಹೊಗಳಿದ, ಅದಕ್ಕಿಂತ ದೊಡ್ಡ ಅಪಾಯ ಬೇರೆ ಬೇಕಿರಲಿಲ್ಲ. ಸರ್ಕಾರದ ಗುಟ್ಟು ಹೊರಗೆ ಬಿಟ್ಟಿದ್ದಕ್ಕೆ ಕೃಷ್ಣಮೂರ್ತಿಯವರ ಮೇಲೆ ವಿಚಾರಣೆ, ರಜೆ ಮೇಲೆ ಹೋಗಿ ಅಂದರು, ವಿಚಾರಣೆ ಮುಗಿಯದೆ ಪಿಂಚಣಿಯೂ ಇಲ್ಲ. ಅಳಿಸಿಬಿಡಲಾ ಅಂದರೆ ರಘು, ಅಳಿಸಬೇಡ, ಹೆದರಿದಾಳೆ ಅಂತ ಇನ್ನೂ ಕೆದಕ್ತಾರೆ, ನಾಲ್ಕು ದಿನ ಸುಮ್ನಿರು, ಜನ ಮರೀತಾರೆ. ಜನ ಮರೆಯುತ್ತಾರೆ, ವಿಚಾರಣೆಯವರು ಮರೆಯುತ್ತಾರೆಯೇ. ನಾನೇ ಬರೆದದ್ದು ಅಂತ ಒಂದು ಸಾಲು ಹಾಕಿದರೆ ಮುಗಿಯುತ್ತದೆ ಅಂತ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಾಳೆ, ಗಿರಿಜಮ್ಮ ನೆನಪಾಗುತ್ತಾರೆ, ಕೈ ನಿಂತುಹೋಗುತ್ತದೆ. ಅದಿತಿ ಹುಟ್ಟಿದಾಗ ಅಮ್ಮ ಕಾಲು ಮುರಿದುಕೊಂಡು ಹಾಸನದಲ್ಲಿ ಮಲಗಿದ್ದಳು, ಬಾಣಂತನ ಮಾಡಿದ್ದು ಇದೇ ಗಿರಿಜಮ್ಮ, ನೀರು ಹಾಕಿ, ಸೊಂಟಕ್ಕೆ ಬಟ್ಟೆ ಬಿಗಿದು, ಮೆಣಸಿನ ಸಾರಿನಲ್ಲಿ ಅನ್ನ ಕಲಸಿ ಬಾಯಿಗಿಟ್ಟು. ಉಂಡ ಮನೆಯ ಜಂತೆ ಎಣಿಸುವುದು ಅಂತಾರಲ್ಲ, ಇವಳು ಎಣಿಸಿ ಊರಿಗೆಲ್ಲ ಡಂಗುರ ಹೊಡೆದಳು.

ಬಾಗಿಲು ತೆರೆದೇ ಇತ್ತು, ಬಾಮ್ಮ ಬಾ, ಒಳಗೆ ನಡುಮನೆಯ ತುಂಬ ಗೊಂಬೆಗಳು, ಹಳೆಯ ಪಂಚೆ ಹರಿದು ಒಂದೊಂದನ್ನೂ ಸುತ್ತಿ ಪೆಟ್ಟಿಗೆಗೆ ಹಾಕುವ ಕೆಲಸ ಅರ್ಧಕ್ಕೇ ನಿಂತಿದೆ. ಬಾಲ್ಕನಿಯಲ್ಲಿ ಕೃಷ್ಣಮೂರ್ತಿಯವರು, ಇಸ್ತ್ರಿ ಮಾಡಿದ ಅಂಗಿ, ಬೂಟು, ಆಫೀಸಿಗೆ ಹೊರಟವರ ಹಾಗೆ ಸಿದ್ಧವಾಗಿ ಕೂತಿದ್ದಾರೆ, ತಿರುಗಿ ನೋಡಲಿಲ್ಲ. ದಿನಾ ಹೀಗೇ ಕಣಮ್ಮ, ಗಿರಿಜಮ್ಮ ದನಿ ತಗ್ಗಿಸಿ, ಸ್ನಾನ ಮಾಡಿ ಬೂಟು ಹಾಕ್ಕೊಂಡು ಕೂತ್ಕೋತಾರೆ, ಫೈಲಿನ ವಿಷಯ ನಿನ್ನ ಬಿಟ್ಟು ನಾನು ಯಾರಿಗೂ ಹೇಳಿಲ್ಲ ಗಿರಿಜಾ, ನೀನು ಯಾರಿಗಾದರೂ ಹೇಳಿದ್ಯಾ ಅಂತ ಒಂದೇ ಸಲ ಕೇಳಿದರು, ಯಾರಿಗೂ ಇಲ್ಲ ಅಂದೆ, ಇಷ್ಟು ವರ್ಷದ ಸಂಸಾರದಲ್ಲಿ ಅವರಿಗೆ ಸುಳ್ಳು ಹೇಳಿದ್ದು ಅದೊಂದೇ, ನಿನಗೆ ಹೇಳಿದ್ದೆನಲ್ಲ, ಆದರೆ ನೀನು ಬೇರೆಯವಳಾ. ಹೇಳು, ಈಗ ಹೇಳು, ಬರೆದದ್ದು ನಾನೇ ಗಿರಿಜಮ್ಮ, ಅಷ್ಟೇ ಮಾತು, ಕಾಫಿ ಬಂತು, ಕುಡಿದಳು, ಕುಡಿಯಲು ಮಾತ್ರ ಬಾಯಿ ತೆರೆಯಿತು ನೋಡು. ಕೆಲಸ ಏನೂಂದ್ರೆ ಸಿಂಧೂ, ಆ ಬ್ಲಾಗು ನನ್ನದಲ್ಲ ಅಂತ ಅಲ್ಲಿಯೇ ಬರೀಬೇಕು, ಅದನ್ನ ಓದೋ ಜನ ಅಲ್ಲೇ ತಾನೇ ಇರೋದು, ನನ್ನ ಫೋನಲ್ಲಿ ಎಲ್ಲಿ ಒತ್ತಬೇಕು ತೋರಿಸಮ್ಮ. ಕೊಡಿ ನಾನು ಬರೀತೀನಿ ಅಂದಳು, ಬೇಡ, ನನ್ನ ಮಾತು ನಾನೇ ಬರೀಬೇಕು ಅಂದರು ಗಿರಿಜಮ್ಮ, ಕನ್ನಡಕ ಏರಿಸಿದರು, ತೋರುಬೆರಳು ನೆಟ್ಟಗೆ ಮಾಡಿಕೊಂಡರು.

ಬೆರಳು ಒಂದು ಅಕ್ಷರ ಹುಡುಕುತ್ತದೆ, ಸಿಕ್ಕುತ್ತದೆ, ಒತ್ತುತ್ತದೆ, ಮೇಲೆದ್ದು ನಿಲ್ಲುತ್ತದೆ, ಉಗುರಿನ ಸಂದಿಯಲ್ಲಿ ಅರಿಸಿನ, ಇದೇ ಬೆರಳು ಅದಿತಿಯ ನೆತ್ತಿಗೆ ಎಣ್ಣೆ ಒತ್ತಿದ್ದು — ನಾನು ಗಿರಿಜಾ, ಇದನ್ನು ಬರೆದವರು ಯಾರೋ ನನಗೆ ಗೊತ್ತಿಲ್ಲ, ಬೆರಳು ನಿಂತಿತು, ಗೊತ್ತಿಲ್ಲ ಅಂದರೆ ಸಾಕೇನಮ್ಮ, ಸಾಕು ಅಂದಳು, ಬೆರಳು ಮತ್ತೆ ಇಳಿಯಿತು, ಅವರಿಗೂ ಮಕ್ಕಳಿರಬಹುದು, ಅವರಿಗೆ ಒಳ್ಳೆಯದಾಗಲಿ, ನನ್ನ ಯಜಮಾನರದು ತಪ್ಪಿಲ್ಲ ಅಂತ ಅವರೇ ಒಂದು ಮಾತು ಬರೆಯಲಿ. ಅದನ್ನು ಯಾಕೆ ಹಾಕ್ತೀರಿ, ಒಳ್ಳೆಯದಾಗಲಿ ಅಂತ, ಬೇಡ ಗಿರಿಜಮ್ಮ. ಇರಲಿ ಬಿಡೆ, ಶಾಪ ಹಾಕಿ ಯಾರಿಗೇನು ಬಂತು. ಇದನ್ನು ಒತ್ತಲಾ, ಬೆರಳು ಗಾಳಿಯಲ್ಲಿ, ಒತ್ತಿ ಅಂದಳು, ಒತ್ತಿತು. ಆಗ ನೆನಪಾಯಿತು, ಯಾವ ಟಿಪ್ಪಣಿಯೂ ನೇರವಾಗಿ ಪ್ರಕಟವಾಗುವುದಿಲ್ಲ, ಬ್ಲಾಗಿನ ಒಡತಿ ಒಪ್ಪಬೇಕು, ಮೊದಲು ಒಡತಿಯ ಫೋನಿಗೆ ಬರುತ್ತದೆ, ಒಡತಿಯ ಫೋನು ಇಲ್ಲೇ, ಟೀಪಾಯಿಯ ಮೇಲೆ, ಕಾಫಿ ಲೋಟದ ಪಕ್ಕ, ಮುಖ ಮೇಲಾಗಿ — ಕೈ ಚಾಚುವಷ್ಟರಲ್ಲಿ ಅದು ಗುಂಯ್ ಅಂದು ಬೆಳಗಿತು. ನಿನ್ನ ಫೋನಮ್ಮ, ಅದಿತಿ ಸ್ಕೂಲಿಂದ ಇರಬೇಕು ನೋಡು, ಅಂತ ಗಿರಿಜಮ್ಮ ಅವಳಿಗೆ ಕೊಡಲು ಎತ್ತಿಕೊಂಡರು, ಕನ್ನಡಕ ಇನ್ನೂ ಮೂಗಿನ ಮೇಲೇ ಇತ್ತು, ನಿಮ್ಮ ಬ್ಲಾಗಿಗೆ ಹೊಸ ಟಿಪ್ಪಣಿ ಅಂತ ಮೇಲೆ, ಅದರ ಕೆಳಗೆ ಅವರದೇ ಮಾತು. ಇದೇನೇ, ನಾನು ಈಗ ಬರೆದದ್ದು ನಿನ್ನಲ್ಲಿ, ಅಂದು ನಿಲ್ಲಿಸಿದರು. ಮತ್ತೆ ಮೊದಲಿಂದ ಓದಿದರು, ಓದು ಕಲಿಯುವ ಮಕ್ಕಳ ಹಾಗೆ ಬೆರಳಿಟ್ಟು, ನಿಮ್ಮ ಅನ್ನುವಲ್ಲಿ ಬೆರಳು, ಬ್ಲಾಗಿಗೆ ಅನ್ನುವಲ್ಲಿ ಬೆರಳು, ಬಾಲ್ಕನಿಯಲ್ಲಿ ಬೂಟು ಸರಿದ ಸದ್ದು, ಗಿರಿಜಾ, ಹೋಯ್ತೇನೇ ಅದು, ಬೆರಳು ಮತ್ತೆ ಹಿಂದಕ್ಕೆ ಬಂತು, ನಿಮ್ಮ, ಅಲ್ಲಿಯೇ ನಿಂತಿತು, ಅರಿಸಿನದ ಉಗುರು, ನಿಮ್ಮ, ಬೆರಳು ಮುಂದಕ್ಕೆ ಹೋಗುತ್ತಿಲ್ಲ, ಬೆರಳು —