ಭೇಟಿ ಕೋಣೆಯ ನೆಲ

“ಲೇ ಮುಂಡೆ, ಮಗಳನ್ನ ನೋಡ್ತೀಯೋ, ಅಳ್ತೀಯೋ, ಅದು ನಿನ್ನ ಹಣೆಬರಹ. ಒರ್ಸೋ ಕೋಲು ಮಾತ್ರ ಕೈಯಲ್ಲಿರ್ಬೇಕು. ಕೆಳಗಿಟ್ಯೋ, ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಕುಟುಂಬ ನ್ಯಾಯಾಲಯದ ಮೆಟ್ಟಿಲಡಿಯ ಗೂಡಿನಲ್ಲಿ ನಿಂತು ಶುಚಿ ಕೆಲಸದ ಮೇಸ್ತ್ರಿ ಅವಳಿಗೆ ಹೀಗೆ ಅಪ್ಪಣೆ ಕೊಡಿಸಿದ. ಅವಳು ಆ ಕಟ್ಟಡದ ನೆಲ ಒರೆಸುವವಳು. ಅವಳ ವಿಚ್ಛೇದನದ ವ್ಯಾಜ್ಯವೂ ಆ ಕಟ್ಟಡದಲ್ಲಿಯೇ ನಡೆಯುತ್ತಿತ್ತು. ಮಗಳು ಸದ್ಯಕ್ಕೆ ತಂದೆಯ ವಶದಲ್ಲಿದ್ದಳು. ಮುಂದೆ ಯಾರ ಪಾಲಾಗಬೇಕೆಂಬುದು, ಈ ದಿನ ಭೇಟಿ ಕೋಣೆಯಲ್ಲಿ ಸಮಾಲೋಚಕಿ ಕಣ್ಣಾರೆ ಕಂಡು ಬರೆಯುವ ನಾಲ್ಕು ಸಾಲಿನ ಮೇಲೆ ನಿಂತಿತ್ತು.

ಕೂಲಿ ಬಿಟ್ಟರೆ ಮಗುವನ್ನು ಸಾಕಲು ಗತಿಯಿಲ್ಲದವಳು, ಕೂಲಿಗೆ ಬಂದರೆ ಮಗುವನ್ನು ನೋಡಿಕೊಳ್ಳಲು ಬಿಡುವಿಲ್ಲದವಳು. ಗಂಡನ ವಕೀಲ ಈ ಎರಡನ್ನೂ ಒಂದೇ ಉಸಿರಿನಲ್ಲಿ ವಾದಿಸಿದ್ದ. ಇಕ್ಕುಳಕ್ಕೆ ಎರಡು ದವಡೆ ಇದ್ದೇ ಇರಬೇಕಷ್ಟೆ.

“ಹೋಗೇ, ಹೆದರ್ಬೇಡ,” ಎಂದಳು ಜೊತೆಗೆ ಗುಡಿಸುವ ಮುದುಕಿ. “ಇಲ್ಲಿ ಗೆದ್ದೋರು ಸೋತೋರು ಇಬ್ರೂ ಒಂದೇ ಮೂಲೇಲಿ ಉಗೀತಾರೆ. ಯಾರು ಗೆದ್ರು ಅಂತ ನಂಗಂತೂ ಇವತ್ತಿನವರೆಗೂ ಗೊತ್ತಾಗಿಲ್ಲ.”

ಭೇಟಿ ಕೋಣೆಯ ಗೊಂಬೆಗಳನ್ನು ಬೆಳಿಗ್ಗೆ ಅವಳೇ ತೊಳೆದು ಸಾಲಾಗಿ ಕೂರಿಸಿದ್ದಳು. ಅವು ಕುಳಿತೇ ಇದ್ದವು. ಅವಳು ಕುರ್ಚಿಯೆಳೆಯಲು ಹೋದಾಗ ಸಮಾಲೋಚಕಿ ತಡೆದಳು.

“ಅದು ಕಕ್ಷಿದಾರರ ಕುರ್ಚಿ ಕಣಮ್ಮ.”

“ನಾನೇ ಕಕ್ಷಿದಾರಳು, ಮೇಡಂ.”

“ಯೂನಿಫಾರಂ ಹಾಕ್ಕೊಂಡಲ್ಲ. ನಿಂತ್ಕೋ.”

ನಿಂತಳು. ಗಂಡ ಮಗಳೊಡನೆ ಬಂದ, ಹಿಂದೆ ವಕೀಲ. ಮಗು ತಾಯಿಯತ್ತ ಹೆಜ್ಜೆಯೆತ್ತಿತು. ಹೆಗಲ ಮೇಲಿದ್ದ ಅಪ್ಪನ ಕೈ ಬಿಗಿಯಾಯಿತು. ವಕೀಲ ಬಾಗಿ ಕೇಳಿದ:

“ಹೇಳು ಪುಟ್ಟಿ, ಯಾರ ಜೊತೆ ಇರ್ತೀಯ? ಅಪ್ಪನ ಜೊತೆಗಾ, ಈ ಫಿನಾಯಿಲ್ ವಾಸ್ನೆ ಅಮ್ಮನ ಜೊತೆಗಾ?”

ಅಪ್ಪ ನಕ್ಕ. ಮಗು ಅವನ ಮುಖ ನೋಡಿತು, ಅಮ್ಮನ ಮುಖ ನೋಡಿತು. ಕಾಲುಗುಂಟ ಉಚ್ಚೆ ಇಳಿದು ನೆಲದ ಮೇಲೆ ಹರಡಿತು.

“ಏಯ್, ಒರ್ಸು,” ಎಂದಳು ಸಮಾಲೋಚಕಿ, ತಲೆಯೆತ್ತದೆ.

ಮನಸ್ಸಿಗಿಂತ ಮುಂಚೆ ಕೈ ವಿಧೇಯವಾಯಿತು. ಕೋಲಿನ ತುದಿಯ ಬಟ್ಟೆ ಆಗಲೇ ನೆಲ ಮುಟ್ಟಿತ್ತು.

“ನೋಡಿ ಮೇಡಂ,” ಎಂದ ವಕೀಲ. “ಮಗು ನಡುಗ್ತಿದೆ, ತಾಯಿಗೆ ನೆಲದ ಚಿಂತೆ. ಇದನ್ನ ಬರ್ಕೊಳ್ಳಿ.”

ಅವಳ ಕೈ ನಿಂತಿತು. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಕೆಮ್ಮಿದ.

“ಮೇಡಂ ಹೇಳಿದ್ದು ಕಿವಿಗೆ ಬೀಳ್ಲಿಲ್ವಾ ನಿಂಗೆ?”

ಅವಳು ಕೋಲನ್ನು ಎತ್ತಿ ಗಂಡನ ಎದೆಯ ಮಟ್ಟಕ್ಕೆ ಚಾಚಿದಳು.

“ಮಗಳು ಬೇಕು ಅಂತ ಅರ್ಜಿ ಹಾಕಿದೀಯಲ್ಲ. ತಗೋ. ನಿನ್ ಮಗಳ ಉಚ್ಚೆ. ಒರ್ಸು.”

“ಥೂ, ಹಲ್ಕಾ. ನಿನ್ ಕೆಲ್ಸ ನಂಗ್ಯಾಕೆ ಹೇಳ್ತೀಯ?” ಗಂಡ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ವಕೀಲನತ್ತ ಚಾಚಿದಳು, ಅವನು ಪ್ಯಾಂಟಿನ ಅಂಚು ಮೇಲೆತ್ತಿಕೊಂಡು ಹಿಂದೆ ಸರಿದ. ಬಾಗಿಲತ್ತ ಚಾಚಿದಳು; ಮೇಸ್ತ್ರಿ ಸೂರು ನೋಡಿದ.

ಕೈಬಿಟ್ಟಳು. ಕೋಲು ನೆಲಕ್ಕೆ ಬಿದ್ದ ಸದ್ದಿಗೆ ಮೇಸ್ತ್ರಿ ಮಾತ್ರ ತಿರುಗಿ ನೋಡಿದ. ಹೇಳುವುದನ್ನು ಬೆಳಿಗ್ಗೆಯೇ ಹೇಳಿ ಮುಗಿಸಿದ್ದ. ಅವಳು ಮಗಳನ್ನೆತ್ತಿ, ಒದ್ದೆ ಫ್ರಾಕನ್ನು ಯೂನಿಫಾರಮಿಗೆ ಒತ್ತಿಕೊಂಡು, ಕಕ್ಷಿದಾರರ ಕುರ್ಚಿಯಲ್ಲಿ ಕುಳಿತಳು.

“ಅಮ್ಮಾ, ಬೈತಾರೆ,” ಎಂದಿತು ಮಗು, ಕಿವಿಯಲ್ಲಿ.

“ಬೈಲಿ.”

ಹಾಸುಗಲ್ಲಿನ ಸಂದುಹಿಡಿದು ಹರಿದ ಉಚ್ಚೆ ಮೇಜಿನಡಿ ಸೇರಿತು. ಯಾರೂ ಒರೆಸಲಿಲ್ಲ. ಸಮಾಲೋಚಕಿ ಪಾದಗಳೆರಡನ್ನೂ ಮೇಲೆತ್ತಿಕೊಂಡು ಬರೆಯುತ್ತಲೇ ಇದ್ದಳು.