ಎರಡನೆಯ ದಾರಿ

ಕಾಡಂಚಿನ ಪುಟ್ಟ ಹಳ್ಳಿ ಆಲದಕೆರೆ ದೊಡ್ಡಿಯ ರೇಷನ್ ಅಂಗಡಿ ಮುಂದೆ ಮೂರು ದಿನದಿಂದ ಜನ ಕೂತೇ ಇದ್ದರು. ಕೂಲಿ ಬಿಟ್ಟು ಬಂದವರು, ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದವರು. ಅಕ್ಕಿ ಮೂಟೆ ಒಳಗೆ ಕಣ್ಣಿಗೆ ಕಾಣುತ್ತಿತ್ತು. ಆದರೆ ಹೆಬ್ಬೆಟ್ಟಿನ ಮಿಷನ್ನು ನೆಟ್‌ವರ್ಕ್ ಇಲ್ಲ ಅನ್ನುತ್ತಿತ್ತು. ಹೆಬ್ಬೆಟ್ಟು ಬೀಳದೆ ಒಂದು ಕಾಳೂ ಕೊಡುವಂತಿಲ್ಲ. ಅವತ್ತು ತಿಂಗಳ ಕೊನೇ ದಿನ. ತಿಂಗಳು ತಿರುಗಿದರೆ ಆ ಅಕ್ಕಿ ಹೋಯಿತು ಅಂತಲೇ ಲೆಕ್ಕ.

ಎಲ್ಲಿ ಕೆಟ್ಟಿದೆ ಅಂತ ನನಗೂ ಗೋವಿಂದಯ್ಯನಿಗೂ ಗೊತ್ತಿತ್ತು. ನಾವಿಬ್ಬರೂ ಇಂಟರ್ನೆಟ್ ಕೇಬಲ್ ಕೆಲಸದವರು. ಅವನು ಗುಂಡಿ ತೋಡಿ ಕೇಬಲ್ ಎಳೆಯುತ್ತಾನೆ, ನಾನು ತುಂಡಾದ ಎಳೆ ಕೂಡಿಸುತ್ತೇನೆ. ರಸ್ತೆ ಅಗಲ ಮಾಡುವ ಜೆಸಿಬಿ ಮೋರಿ ಹತ್ತಿರ ಕೇಬಲ್ ಕಿತ್ತುಹಾಕಿತ್ತು. ನಾವೇ ಹೋಗಿ ನೋಡಿ ಬಂದಿದ್ದೆವು. ಅರ್ಧ ದಿನದ ಕೆಲಸ. ಆದರೆ ಕೂಡಿಸುವ ಮಿಷನ್ನು ಕೊಳ್ಳೇಗಾಲದ ಆಫೀಸಿನ ಬೀರುವಿನಲ್ಲಿ. ಲೈನ್ ಕೆಟ್ಟಿದೆ ಅಂತ ಅಲ್ಲಿನ ಕಂಪ್ಯೂಟರ್ ಹೇಳುವವರೆಗೂ ಬೀಗ ತೆಗೆಯುವುದಿಲ್ಲ. ಅದು ಮೂರು ದಿನದಿಂದ ಏನೂ ಹೇಳಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಪಾಡು.

ಗೋವಿಂದಯ್ಯ ಅದೇ ದೊಡ್ಡಿಯವನು. ಅವನ ತಾಯಿ ಚಿಕ್ಕನಿಂಗಮ್ಮ ಸಾಲಿನಲ್ಲಿ ಮೊದಲು ಕೂತಿದ್ದಳು. ನಾವು ಬೆಳಗಿನ ಬಸ್ಸಿಗೆ ಹೊರಟಾಗ ಕೂಗಿ ಹೇಳಿದಳು: "ಇವತ್ತೊಂದಿನ ಅದ ಕಣಪ್ಪ. ಆ ಸಾಹೇಬ್ರ ಕಾಲ್ನಾದ್ರೂ ಹಿಡ್ಕಳಿ."

ಹನೂರಿನಲ್ಲಿ ಬಸ್ಸು ಬದಲಾಯಿಸಿ ಕೊಳ್ಳೇಗಾಲ ಮುಟ್ಟುವಾಗ ಹನ್ನೆರಡು ದಾಟಿತ್ತು. ಇಂಜಿನಿಯರ್ ರಂಗನಾಥ ಒಳ್ಳೆಯ ಮನುಷ್ಯನೇ. ಕೂರಿಸಿ, ಪರದೆ ತಿರುಗಿಸಿ ತೋರಿಸಿದ.

"ನೋಡಿ ರಾಜಣ್ಣ. ನೆಟ್‌ವರ್ಕಲ್ಲಿ ಕೊಳ್ಳೇಗಾಲ ಸೊನ್ನೆ ನಂಬರಿನ ಏರಿಯಾ, ಅದೇ ಮುಖ್ಯ. ಹನೂರು ಒಂದು ಏರಿಯಾ, ಕಾಡಂಚಿನದು ಇನ್ನೊಂದು. ನಿಮ್ಮ ದೊಡ್ಡಿಗೆ ಎರಡು ದಾರಿ ಪ್ಲಾನ್ ಮಾಡಿದ್ದೀವಿ. ಒಂದು ಕಟ್ ಆದ್ರೆ ರೂಟರ್‌ಗಳೇ ಮಾತಾಡ್ಕೊಂಡು ಇನ್ನೊಂದಕ್ಕೆ ತಿರುಗ್ತವೆ. ಎಲ್ಲಾ ಹಸಿರಿದೆ, ಅಂದ್ರೆ ಲೈನ್ ಸರಿ ಇದೆ. ಹಸಿರಿದ್ದಾಗ ಮಿಷನ್ ಕೊಟ್ರೆ ನನ್ನ ತಲೆಗೆ ಬರುತ್ತೆ."

"ಸಾ, ಜನ ಉಪಾಸ ಕೂತವ್ರೆ," ಅಂದೆ. "ಅಲ್ಲಿ ಹೆಬ್ಬೆಟ್ಟಿನ ಮಿಷನ್ ಸತ್ತು ಮೂರು ದಿನ ಆಯ್ತು."

"ಈ ಎರಡನೇ ದಾರಿಯ ರೂಟರ್ ಇಲ್ಲೇ ಸರ್ವರ್ ಒಳಗಿದೆ, ವರ್ಚುಯಲ್, ಬರೀ ಸಾಫ್ಟ್‌ವೇರು. ಅದು ಸರಿಯಾಗೇ ಉತ್ತರ ಕೊಡ್ತಿದೆಯಲ್ಲ."

ಉತ್ತರ ಕೊಡುತ್ತದಂತೆ! ಇಲ್ಲೇ ಕೂತು ಇಲ್ಲಿಗೇ ಉತ್ತರ ಕೊಟ್ಟುಕೊಳ್ಳುವುದಕ್ಕೆ ಏನು ಕಷ್ಟ? ನನಗೆ ಮೈ ಉರಿಯಿತು. ಬಡವನ ಕೋಪ ದವಡೆಗೆ ಮೂಲ ಅಂತ ಗೋವಿಂದಯ್ಯನ ಕಡೆ ತಿರುಗಿದೆ.

ಗೋವಿಂದಯ್ಯ ಪರದೆಗೇ ಕಣ್ಣು ನೆಟ್ಟಿದ್ದ. ಎರಡನೆಯ ಗೆರೆ ರಸ್ತೆ ಬಿಟ್ಟು ಕಾಡೊಳಗೆ ಹೋಗಿತ್ತು. ನಡುವೆ ಒಂದು ಚೌಕ.

"ಸಾ, ಈ ಚೌಕ ಯಾವುದು?"

"ಜಾಯಿಂಟ್ ಬಾಕ್ಸ್."

"ಅದು ಮಾರಮ್ಮನ ಗುಡಿ ಕಣ್ರಿ," ಅಂದ ಗೋವಿಂದಯ್ಯ. "ಅಲ್ಲಿ ಕರ್ಪೂರ ಅಚ್ಚಕೆ ಅಂತ ಒಂದ್ಗಳಿಗೆ ನಿಂತಿದ್ದೆ. ಸಾ, ಇದು ಕೇಬಲ್ ಅಲ್ಲ. ಇದು ನಾನು."

ನನಗೂ ಆಗಲೇ ತಿಳಿದದ್ದು. ಎರಡು ತಿಂಗಳ ಕೆಳಗೆ ಕಂಟ್ರಾಕ್ಟರ್ ಮಹದೇವಪ್ರಸಾದ್ ಅವನ ಕೈಗೆ, ನಡೆದ ದಾರಿಯನ್ನು ಗುರುತು ಹಾಕಿಕೊಳ್ಳುವ ಫೋನೊಂದನ್ನು ಕೊಟ್ಟು, "ಸರ್ವೆ ಕಣ್ಲಾ, ನಿಮ್ಮ ಕಾಲುದಾರೀಲಿ ನಡ್ಕಂಡು ಓಗು, ಆಫ್ ಮಾಡ್ಬೇಡ" ಅಂದಿದ್ದ. ಆ ದಾರಿಯಲ್ಲಿ ದೊಡ್ಡಿಯವರು ಮೆಟ್ಟು ಹಾಕುವುದಿಲ್ಲ, ಅಮ್ಮನ ಎಲ್ಲೆ ಅದು. ಗೋವಿಂದಯ್ಯ ಬರಿಗಾಲಲ್ಲಿ, ಫೋನನ್ನು ಎದೆಗೊತ್ತಿಕೊಂಡು, ಹೆಮ್ಮೆಯಿಂದ ನಡೆದಿದ್ದ. ಕಾಡೊಳಗೆ ಅಗೆಯಲು ಅನುಮತಿ ಸಿಗಲಿಲ್ಲ. ಎರಡೂ ಕೇಬಲನ್ನು ರಸ್ತೆ ಬದಿಯ ಒಂದೇ ಗುಂಡಿಗೆ ಹಾಕಿಸಿದರು. ಹಾಕಿದವರು ನಾವೇ. ಕೇಳಿದ್ದಕ್ಕೆ ಕಂಟ್ರಾಕ್ಟರ್ "ನಿಂಗ್ಯಾಕ್ಲಾ ಅದು" ಅಂದಿದ್ದ. ಈಗ ಜೆಸಿಬಿ ಎರಡನ್ನೂ ಒಟ್ಟಿಗೆ ಕಿತ್ತಿತ್ತು; ಅವನು ನಡೆದ ಗೆರೆ ಮಾತ್ರ ಕಂಪ್ಯೂಟರಿನಲ್ಲಿ ಕೇಬಲ್ಲಾಗಿ, ನಿಂತ ಜಾಗ ಬಾಕ್ಸಾಗಿ ಕೂತಿತ್ತು.

ರಂಗನಾಥನ ಮುಖ ಕಪ್ಪಿಟ್ಟಿತು. ಮಹದೇವಪ್ರಸಾದನಿಗೆ ಫೋನು ಮಾಡಿದ. ಅವನು ಕಾರಿನಲ್ಲಿ ಬಂದ, ಬಾಗಿಲು ಹಾಕಿಕೊಂಡರು. ನಾವು ಹೊರಗೆ ಮೆಟ್ಟಿಲ ಮೇಲೆ ಕೂತೆವು. ಗೋವಿಂದಯ್ಯ ಎರಡು ಸಲ ಬಾಗಿಲು ತಟ್ಟಿದ. "ಮಿಷನ್ನಾರ ಕೊಡಿ ಸಾ, ಈಗ ಒಂಟ್ರೂ ರಾತ್ರಿಯೊಳಗೆ ಕೂಡಿಸ್ತೀವಿ." "ಇರ್ಲಾ," ಅಂತ ಒಳಗಿಂದ ಕೇಳಿತು. ಕೊನೇ ಬಸ್ಸು ಹೊರಟುಹೋಯಿತು. ತಿಂಗಳೂ ಮುಗಿಯಿತು.

ಮಾರನೆಯ ದಿನ ಮಿಷನ್ನು ಕೊಟ್ಟರು. ನನ್ನೊಬ್ಬನನ್ನೇ ಕಳಿಸಿದರು. ಮಧ್ಯಾಹ್ನಕ್ಕೆ ಎಳೆ ಕೂಡಿಸಿದೆ, ಅಂಗಡಿಯ ಮಿಷನ್ನು ಹೆಬ್ಬೆಟ್ಟು ತಗೊಂಡಿತು. ಆದರೆ ಹಿಂದಿನ ತಿಂಗಳ ಅಕ್ಕಿ ಸಿಗಲಿಲ್ಲ, ಹೊಸ ತಿಂಗಳದ್ದು ಇನ್ನೂ ಬಿಡುಗಡೆ ಆಗಿರಲಿಲ್ಲ. ಫಲಾನುಭವಿಗಳು ಪಡೆಯಲಿಲ್ಲ ಅಂತ ತೋರಿಸಿತು. ಮೂರು ದಿನ ಬಾಗಿಲಲ್ಲಿ ಬಿದ್ದಿದ್ದವರಿಗೆ ಈ ಮಾತು!

ಗೋವಿಂದಯ್ಯ ಅಷ್ಟರಲ್ಲಿ ಕೊಳ್ಳೇಗಾಲದ ಪೊಲೀಸ್ ಠಾಣೆಯಲ್ಲಿದ್ದ. ಕಾಡೊಳಗಿನ ಕೇಬಲ್ ಕಳುವಾಗಿದೆ ಅಂತ ಮಹದೇವಪ್ರಸಾದ್ ದೂರು ಬರೆದುಕೊಟ್ಟಿದ್ದ. ಆ ದಾರಿಯಲ್ಲಿ ಓಡಾಡಿದವನು ಯಾರು? ಫೋನಿನಲ್ಲಿ ದಿನ, ಗಂಟೆ ಎಲ್ಲಾ ಇದೆಯಲ್ಲ.

"ಅಲ್ಲಿ ಕೇಬಲ್ಲೇ ಆಕಿಲ್ಲ ಸಾ," ಅಂದೆ ಇನ್ಸ್‌ಪೆಕ್ಟರಿಗೆ.

ಅವರು ಒಂದು ಹಾಳೆ ತಿರುಗಿಸಿದರು. ಎರಡು ದಾರಿಯಲ್ಲೂ ಕೇಬಲ್ ಹಾಕಿ ಮುಗಿಸಿದ್ದೇವೆ ಅಂತಿತ್ತು. ಕೆಳಗೆ ಗೋವಿಂದಯ್ಯನ ಸಹಿ, ಅದರ ಕೆಳಗೆ ನನ್ನದು. ಕೆಲಸಕ್ಕೆ ಸೇರುವ ದಿನವೇ ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಹಾಕದಿದ್ದರೆ ಗುದ್ದಲಿ ಕೊಡುವುದಿಲ್ಲ.

"ಆಗ ಸುಳ್ಳು ಬರ್ಕೊಟ್ರಾ, ಈಗ ಸುಳ್ಳು ಹೇಳ್ತಿದ್ದೀರಾ? ಕೇಬಲ್ ತಂದು ಒಪ್ಪಿಸ್ರಿ, ನೋಡಣ."

ಕಂಬಿಯ ಹಿಂದೆ ಗೋವಿಂದಯ್ಯ ನನ್ನ ಮುಖ ನೋಡಿದ. ನಾಚಿಕೆಯಿಂದ ನಾನೇ ತಲೆ ತಗ್ಗಿಸಿದೆ.

ಹೊರಗೆ ಬಂದರೆ ಚಿಕ್ಕನಿಂಗಮ್ಮ ನಿಂತಿದ್ದಳು. ಹಿಂದೆ ಇಡೀ ದೊಡ್ಡಿ, ಅಕ್ಕಿಯಿಲ್ಲದ ಮೂವತ್ತೆಂಟು ಮನೆಯವರು. ಗೂಡ್ಸ್ ಟೆಂಪೋ ಹತ್ತಿ ಬಂದಿದ್ದರು.

"ಏನಂದ್ರು ರಾಜಣ್ಣ?"

"ಕೇಬಲ್ ತಂದ್ಕೊಡಿ ಅಂತಾರೆ ಕಣವ್ವ."

ಅವಳು ಹಿಂದಿದ್ದವರ ಕಡೆ ಒಮ್ಮೆ ತಿರುಗಿ ನೋಡಿದಳು. ಎಲ್ಲರೂ ತಲೆಯಾಡಿಸಿದರು.

"ತಂದ್ಕೊಟ್ಬುಡಣ," ಅಂದಳು. "ಎಲ್ರೂ ಸೇರಿ ದುಡ್ಡಾಕಿ ಕೊಂಡು ಕೊಡ್ತೀವಿ ಕಣಪ್ಪ. ಅದು ಎಷ್ಟುದ್ದ ಇತ್ತು?"