ಸೀನೀರಿನ ಬಾವಿ

ಬೇಳೆ ಕುದಿಯುತ್ತಿತ್ತೇ ಹೊರತು ಬೇಯುತ್ತಿರಲಿಲ್ಲ. ಗೊಲ್ಲಾಳಮ್ಮ ಸೌಟಿನಿಂದ ಒಂದಿಷ್ಟು ಎತ್ತಿ, ಊದಿ, ಬೆರಳುಗಳ ನಡುವೆ ಹಿಚುಕಿದಳು. ಕಾಳು ಜಾರಿತೇ ವಿನಾ ಮೆತ್ತಗಾಗಲಿಲ್ಲ. ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದಳು. ಹೊರಗೆ ತಗಡಿನ ನೆರಳಿನಲ್ಲಿ ಕ್ಯಾಂಪಿನ ಹುಡುಗರು ಬೆಂಚಿನ ಮೇಲೆ ಕೂತು ಆಗಲೇ ತಾಟು ಬಡಿಯತೊಡಗಿದ್ದರು.

“ಈ ಬ್ಯಾಳಿ ಎಲ್ಲಿಂದ ತಂದಿ?” ಎಂದು ಗಂಡನನ್ನು ಕೇಳಿದಳು.

ಅಯ್ಯಣ್ಣ ಮೂಲೆಯಲ್ಲಿ ಕಾಲು ಚಾಚಿಕೊಂಡು ಈರುಳ್ಳಿ ಹೆಚ್ಚುತ್ತಿದ್ದ. “ಎಲ್ಲಿಂದ ತರ್ತೀನಿ? ಶಹಾಪುರದಾಗ ಯಾವಾಗಿನ ಅಂಗಡಿ ಅದನೋ ಅಲ್ಲಿಂದನ.”

“ಹಳೇ ಮಾಲ್ ಕೊಟ್ಟಾನ ನೋಡು. ಕಲ್ಲಾಗ್ಯಾವ.”

ಅಂದು ಚಿಟಿಕೆ ಸೋಡಾ ಹಾಕಿ, ಒಗ್ಗರಣೆ ಜೋರು ಮಾಡಿ, ಹೇಗೋ ಬಡಿಸಿದಳು. ಒಡಿಶಾ, ಅಸ್ಸಾಮಿನ ಹುಡುಗರು. ಹಸಿದ ಹೊಟ್ಟೆಗೆ ಬಿಸಿ ರೊಟ್ಟಿ ಇದ್ದರೆ ಅವರಿಗೆ ಸಾಕು. ಯಾರೂ ಏನೂ ಅನ್ನಲಿಲ್ಲ.

ಸುರಪುರ ರಸ್ತೆಯ ಆ ಊರಿಗೆ ಕಾಲುವೆ ಬಂದು ಎಷ್ಟೋ ವರ್ಷವಾಗಿತ್ತು. ಆದರೆ ಅದು ಕಾಲುವೆಯ ಬಾಲದ ಊರು. ಮೇಲಿನವರು ಭತ್ತಕ್ಕೆ ಬಿಟ್ಟುಕೊಂಡು ಉಳಿದದ್ದಷ್ಟೇ ಇಲ್ಲಿಗೆ ಹರಿದು ಬರುತ್ತಿತ್ತು. ಅಂಥ ಊರಿನ ಆಚೆ, ಕಾಲುವೆಯ ಏರಿ ದಾಟಿದರೆ, ಒಂದು ಬೇಸಿಗೆಯಲ್ಲಿ ಕೆಂಪು ಬಿಳಿ ಬಣ್ಣದ ಕಬ್ಬಿಣದ ಗೋಪುರ ಎದ್ದಿತು. ನೆಲದ ತಳದಲ್ಲಿ, ಹಾಸುಗಲ್ಲಾಗಿ ತೆಗೆಯುವ ಪರಸಿ ಕಲ್ಲಿನ ಪದರಕ್ಕಿಂತಲೂ ಕೆಳಗೆ, ಗ್ಯಾಸು ಇದೆಯಂತೆ ಎಂದರು. ಕಂಪನಿಯವರು ಹೊಲ ಬಾಡಿಗೆಗೆ ಹಿಡಿದರು, ಗರಸು ಹಾಕಿ ರಸ್ತೆ ಮಾಡಿದರು, ಕೆಲಸಗಾರರಿಗೆ ಕ್ಯಾಂಪು ಹಾಕಿದರು, ಊರ ಹುಡುಗರನ್ನು ಕಾವಲಿಗೆ, ಲಾರಿಗೆ ಕರೆದುಕೊಂಡರು. ಅಲ್ಲಿಯವರೆಗೆ ಹತ್ತಿ ಬಿಡಿಸುತ್ತ, ಮೆಣಸಿನ ಹೊಲದಲ್ಲಿ ಕಳೆ ಕೀಳುತ್ತ ಸೊಂಟ ಬಗ್ಗಿಸಿಕೊಂಡಿದ್ದ ಗೊಲ್ಲಾಳಮ್ಮ ರಸ್ತೆಯ ಪಕ್ಕ ನಾಲ್ಕು ತಗಡು ಹೊದಿಸಿ ಖಾನಾವಳಿ ಹಾಕಿದಳು. ಕಾಲುವೆಗೆ ಕಲ್ಲು ಹೊಂದಿಸುವಾಗ ಬಿದ್ದು ಕಾಲು ಊನವಾಗಿದ್ದ ಅಯ್ಯಣ್ಣನಿಗೂ ಕೂತು ಮಾಡುವ ಕೆಲಸ ಸಿಕ್ಕಿತು. ಇಂದಿನ ಕೂಲಿ ಎಲ್ಲಿ ಎಂಬ ಯೋಚನೆಯಿಲ್ಲದೆ ಆ ಮನೆಯಲ್ಲಿ ಬೆಳಗಾಗತೊಡಗಿದ್ದೇ ಆಗ.

ಅಡುಗೆಯ ನೀರು ಖುರ್ಷೀದಬೇಗಂಳ ಹಿತ್ತಲಿನ ಬಾವಿಯದು. ಊರಿನ ಉಳಿದ ಬಾವಿಗಳೆಲ್ಲ ಸವಳು. ಖುರ್ಷೀದಳ ಮಾವ ತೋಡಿಸಿದ ಅದೊಂದೇ ಸೀನೀರಿನದು. ಯಾರು ಕೊಡ ತಂದರೂ ಆಕೆ ಬೇಡ ಎಂದವಳಲ್ಲ. ಗೊಲ್ಲಾಳಮ್ಮನಿಗಂತೂ ಕೇಳುವ ಮಾತೇ ಇರಲಿಲ್ಲ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಂದಿರಾಗಿ ಬಂದವರು, ಒಂದೇ ಸಾಲಿನಲ್ಲಿ ಕಳೆ ಕಿತ್ತವರು, ಒಬ್ಬರ ಬಾಣಂತನದಲ್ಲಿ ಇನ್ನೊಬ್ಬರು ಎರೆದವರು.

ಮರುದಿನ ಬೇರೆ ಅಂಗಡಿಯ ಬೇಳೆ ಬಂತು. ಅದೂ ಹಾಗೆಯೇ. ಅದರ ಮರುದಿನ ಗೊಲ್ಲಾಳಮ್ಮ ಸೈಕಲ್ಲಿನ ಮೇಲೆ ಕಾಲುವೆಯ ಎರಡು ಕೊಡ ನೀರು ತರಿಸಿ, ಅದೇ ಬೇಳೆಯನ್ನು ಅದರಲ್ಲಿ ಇಟ್ಟಳು. ರೊಟ್ಟಿಯ ಹಿಟ್ಟು ನಾದುವಷ್ಟರಲ್ಲಿ ಬೇಳೆ ಬೆಂದು ಕರಗಿ ಬೆಣ್ಣೆಯಾಗಿತ್ತು. ಮುಚ್ಚಳ ಕೈಯಲ್ಲೇ ಹಿಡಿದುಕೊಂಡು ಆಕೆ ಬಹಳ ಹೊತ್ತು ಒಲೆಯ ಮುಂದೆ ನಿಂತಳು. ಆಮೇಲೆ ಬಾವಿಯ ನೀರು ತುಂಬಿದ್ದ ಹಂಡೆಯ ಹತ್ತಿರ ಬಗ್ಗಿ ಮೂಸಿದಳು. ಸೀಮೆಎಣ್ಣೆಯೂ ಅಲ್ಲ, ಕೆಸರೂ ಅಲ್ಲ, ಎರಡರ ನಡುವಿನದೊಂದು ವಾಸನೆ.

ಹಿಂದಿನ ವಾರ ಕ್ಯಾಂಪಿನಲ್ಲಿ ದೊಡ್ಡ ಕೆಲಸ ನಡೆದಿತ್ತು. ಖುರ್ಷೀದಳ ಮಗ ಯೂನುಸ ಕಂಪನಿಯ ನೀರಿನ ಟ್ಯಾಂಕರಿನ ಡ್ರೈವರ್. ಊಟಕ್ಕೆ ಬಂದಾಗ ಅವನೇ ಹೇಳಿದ್ದ: “ಕಾಲುವಿ ನೀರಿಗೆ ಉಸುಕು, ಎಂಥದೋ ಔಷಧ ಕಲಸಿ, ಪೈಪಿನಾಗ ಜೋರ್ ಒತ್ತಿ ಬಿಡ್ತಾರ ಚಿಗವ್ವ. ತಳದಾಗ ಕಲ್ಲು ಸೀಳತದ, ಸೀಳಿದ ಕಡಿಂದ ಗ್ಯಾಸ್ ಮ್ಯಾಲ ಬರತದ.” ಆ ದಿನಗಳಲ್ಲಿ ಖಾನಾವಳಿಯ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಹುಡುಗರು ನಕ್ಕಿದ್ದರು. ಗೊಲ್ಲಾಳಮ್ಮನೂ ನಕ್ಕಿದ್ದಳು.

“ಖುರ್ಷೀದಕ್ಕಗ ಹೇಳಬೇಕಲ್ಲ?” ಎಂದಳು ಗಂಡನಿಗೆ.

ಅಯ್ಯಣ್ಣ ಹೊರಗಿನ ಬೆಂಚಿನ ಕಡೆ ನೋಡಿ ದನಿ ತಗ್ಗಿಸಿದ. “ಏನಂತ ಹೇಳತಿ? ಹೇಳಿದ್ರ ಊರ ಮಂದಿ ಎದ್ದು ಕ್ಯಾಂಪ್ ಬಂದ್ ಮಾಡಸ್ತಾರ. ಯೂನುಸನ ನೌಕರಿನೂ ಹೋಗತದ, ನಮ್ಮ ಒಲಿನೂ ಆರತದ. ಸ್ವಲ್ಪ ದಿನ ತಡಿ. ಮಳಿ ಬಿದ್ರ ತಿಳಿ ಆದೀತು.”

ಆ ಮಾತು ನಿಜವಾಗಲಿ ಎಂದು ಗೊಲ್ಲಾಳಮ್ಮ ಬಯಸಿದಳು. ಬಯಸಿದ್ದಕ್ಕೇ ನಂಬಿದಳು.

ಯೂನುಸನಿಗೆ ಹೇಳಿ ದಿನಾ ಒಂದು ಡ್ರಮ್ಮು ಕಾಲುವೆಯ ನೀರನ್ನು ಟ್ಯಾಂಕರಿನಿಂದ ಇಳಿಸಿಕೊಳ್ಳತೊಡಗಿದಳು. ಸೊಂಟ ನೋವು, ಸೇದಲಾಗದು ಎಂದಳು. ಅವನು ನಂಬಿದ. ಅವನ ತಾಯಿಗೆ ಮಾತ್ರ ಅದು ಚುಚ್ಚಿತು.

“ಏನ ಗೊಲ್ಲಾಳಿ, ನಮ್ಮ ಬಾವಿ ನೀರು ಬ್ಯಾಡಾಯ್ತಾ?” ಖುರ್ಷೀದಬೇಗಂ ಖಾನಾವಳಿಯ ಬಾಗಿಲಿಗೇ ಬಂದು ನಿಂತಿದ್ದಳು. ಅವಳ ಹಿಂದೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ರಾಬಿಯಾ, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮುಂಗೈ ತುರಿಸಿಕೊಳ್ಳುತ್ತಿದ್ದಳು.

“ಹಂಗ್ಯಾಕ ಅಂತಿ ಯಕ್ಕ? ಸೊಂಟ ಸತ್ತು ಹೋಗ್ಯಾದ.”

“ಸೊಂಟ ನೋವಾದ್ರ ನಾ ಸೇದಿ ಕೊಡ್ತಿದ್ದಿಲ್ಲೇನು?” ಖುರ್ಷೀದ ದನಿ ಇಳಿಸಿ, “ನನಗೂ ತಿಳೀತದ. ನೀರು ಸ್ವಲ್ಪ ವಾಸನಿ ಹೊಡ್ಯಾಕತ್ತದ. ಹೂಳು ತುಂಬ್ಯಾದ. ಈಕಿ ಹೆರೂದ್ರಾಗ ತೆಗಸ್ತೀನಿ. ಆಮ್ಯಾಲ ನೀನ ಕೊಡ ತಗೊಂಡು ಬರ್ತಿ ನೋಡು,” ಎಂದು ನಕ್ಕಳು.

ಗೊಲ್ಲಾಳಮ್ಮ ಬಾಯಿ ತೆರೆದಳು. ಆ ಹೊತ್ತಿಗೆ ಕ್ಯಾಂಪಿನ ಜೀಪು ಬಂದು ನಿಂತಿತು, ಹುಡುಗರು ಇಳಿದರು. ಆಕೆ ರೊಟ್ಟಿ ಬಡಿಯಲು ಒಳಗೆ ಹೋದಳು. ರಾಬಿಯಾಳ ಕೈಯ ಮೇಲಿನ ಕೆಂಪು ದದ್ದುಗಳು ಮಾತ್ರ ಹಿಟ್ಟಿನ ಪರಾತದಲ್ಲಿಯೂ ಕಾಣುತ್ತಿದ್ದವು.

ಬಾವಿ ತೆಗೆಯಲು ದೇವಾಪುರದಿಂದ ಮರಿಲಿಂಗಪ್ಪ ಬಂದ. ಅವನ ಕುಲಕಸುಬೇ ಅದು. ಬಾವಿಗೆ ಇಳಿಯುವ ಮುಂಚೆ ಅವನು ಕಂದೀಲು ಇಳಿಸಿ ನೋಡುವ ಪದ್ಧತಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿಯಬಾರದು, ಉರಿದರೆ ಇಳಿಯಬಹುದು. ಅಂದು ಯೂನುಸ ರಜೆ ಹಾಕಿ ಮನೆಯಲ್ಲಿದ್ದ. ಮರಿಲಿಂಗಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದಾಗ, “ನಾ ಇಳಸ್ತೀನಿ ಕಾಕಾ,” ಎಂದು ಯೂನುಸನೇ ಕಂದೀಲು ತೆಗೆದುಕೊಂಡು ಕಟ್ಟೆಯ ಮೇಲೆ ಬಗ್ಗಿದ.

ದೀಪ ಆರಲಿಲ್ಲ.

ಖಾನಾವಳಿಯಲ್ಲಿದ್ದ ಗೊಲ್ಲಾಳಮ್ಮನಿಗೆ ಯಾರೋ ದೊಡ್ಡ ಗೋಣಿಚೀಲ ನೆಲಕ್ಕೆ ಎಸೆದಂಥ ಸದ್ದು ಕೇಳಿಸಿತು. ಹೊರಗೆ ಬಂದಾಗ ಖುರ್ಷೀದಳ ಹಿತ್ತಲಿನ ಬೇವಿನ ಮರದೆತ್ತರಕ್ಕೆ ಬೆಂಕಿ ಎದ್ದು ನಿಂತಿತ್ತು. ಹೊಗೆಯೇ ಇರಲಿಲ್ಲ. ನಡುಹಗಲಿನ ಬಿಸಿಲಲ್ಲಿ ನೀಲಿಯಾಗಿ, ಮರದ ಎಲೆಗಳು ಅದರಾಚೆ ನಡುಗುವಂತೆ ಕಾಣುತ್ತ ಉರಿಯುತ್ತಿತ್ತು. ಓಡಿ ಹೋದಾಗ ಮರಿಲಿಂಗಪ್ಪ ಯೂನುಸನನ್ನು ಮಣ್ಣಿನಲ್ಲಿ ಹೊರಳಿಸುತ್ತಿದ್ದ. ರಾಬಿಯಾ ಗೋಡೆಗೆ ಒರಗಿ ಕಿರುಚುತ್ತಿದ್ದಳು. ಖುರ್ಷೀದಬೇಗಂ ಮಾತ್ರ ಕಿರುಚಲಿಲ್ಲ. ನೀರಿಗೆಂದು ಕೊಡ ಹಿಡಿದು ಬಾವಿಯ ಕಡೆ ಓಡಿ, ಬಾವಿಯೇ ಉರಿಯುತ್ತಿರುವುದನ್ನು ನೋಡಿ, ಕೊಡ ಹಿಡಿದುಕೊಂಡೇ ನಿಂತುಬಿಟ್ಟಿದ್ದಳು.

ಯೂನುಸನನ್ನು ಕ್ಯಾಂಪಿನ ಜೀಪಿನಲ್ಲೇ ಶಹಾಪುರಕ್ಕೆ, ಅಲ್ಲಿಂದ ಕಲಬುರಗಿಗೆ ಒಯ್ದರು. ಜೀವಕ್ಕೆ ಅಪಾಯವಾಗಲಿಲ್ಲ. ಕಣ್ಣು ಉಳಿದವು. ಎರಡೂ ಕೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು.

ಬಾವಿಯ ಬೆಂಕಿ ತಾನಾಗಿ ಆರಿದ ಮೇಲೆ ಯಾದಗಿರಿಯಿಂದ ಅಧಿಕಾರಿ ಬಂದ ದಿನ ಊರೆಲ್ಲ ಹಿತ್ತಲಿನಲ್ಲಿ ನೆರೆದಿತ್ತು. ಕ್ಯಾಂಪಿನ ಸೂಪರ್‌ವೈಜರ್ ಅವರಿಗಿಂತ ಮೊದಲೇ ಬಂದಿದ್ದ. ಹಿಂದಿನ ಸಂಜೆ ಅವನು ಖಾನಾವಳಿಯಲ್ಲಿ ಉಂಡು ಕೈ ತೊಳೆಯುತ್ತ, “ಬರುವ ತಿಂಗಳು ಇನ್ನೂ ಜನ ಬರ್ತಾರಮ್ಮ, ಬೆಂಚು ಹೆಚ್ಚು ಮಾಡಿಸು,” ಎಂದಿದ್ದ. ಅಷ್ಟೇ. ಬೇರೆ ಏನೂ ಹೇಳಿರಲಿಲ್ಲ.

“ಹಳೇ ಬಾವಿ ಸರ್. ಹೂಳು ಕೊಳೆತರೆ ಇಂಥ ಗ್ಯಾಸ್ ಆಗುತ್ತೆ. ನಮ್ಮ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ,” ಎಂದು ಅವನು ಅಧಿಕಾರಿಗೆ ವಿವರಿಸುತ್ತಿದ್ದ. ಊರಿನವರು ನೆಲ ನೋಡುತ್ತಿದ್ದರು. ಕಾವಲಿಗೆ ಒಬ್ಬರ ಮಗ, ಲಾರಿಗೆ ಇನ್ನೊಬ್ಬರ ಅಳಿಯ, ಮತ್ತೊಬ್ಬರ ಹೊಲ ಬಾಡಿಗೆಗೆ.

ಅಧಿಕಾರಿ ಬಾವಿಯಿಂದ ದೂರ ನಿಂತೇ ಕೇಳಿದರು: “ನೀರು ಯಾವಾಗಿಂದ ಕೆಟ್ಟದ?”

“ನನಗೇನೂ ಗೊತ್ತಾಗಲಿಲ್ರಿ ಸಾಹೇಬ್ರ,” ಎಂದಳು ಖುರ್ಷೀದಬೇಗಂ. ಮಗನ ಹಾಸಿಗೆಯ ಪಕ್ಕ ಕೂತು ಕೂತು ಅವಳ ದನಿ ಸೋತುಹೋಗಿತ್ತು. “ನಾವು ಕುಡಕೋತನ ಬಂದೀವಿ. ಸ್ವಲ್ಪ ವಾಸನಿ ಬಂತು, ಹೂಳು ಅನ್ಕೊಂಡ್ವಿ. ಈಕಿನ್ನ ಕೇಳ್ರಿ. ಈಕಿ ನಮ್ಮ ಬಾವಿ ನೀರಾಗ ಊರಿಗೆ ಅಡಗಿ ಮಾಡಿ ಹಾಕ್ದಾಕಿ. ಏನರ ಇದ್ರ ಈಕಿ ನನಗ ಮೊದಲ ಹೇಳ್ತಿದ್ಲು.”

ಎಲ್ಲರೂ ಗೊಲ್ಲಾಳಮ್ಮನ ಕಡೆ ತಿರುಗಿದರು. ಸೂಪರ್‌ವೈಜರ್ ಮೆಲ್ಲಗೆ, ಮನೆಯವನಂತೆ, “ಹೇಳಮ್ಮ, ಎಲ್ಲ ಸರಿ ಇತ್ತಲ್ಲ?” ಎಂದ.

ಅಯ್ಯಣ್ಣ ಗುಂಪಿನ ಹಿಂದೆ ಕೋಲೂರಿ ನಿಂತಿದ್ದ. ಅವನ ಮುಖ ಬೇಡ ಎನ್ನುತ್ತಿತ್ತು. ಸರಿ ಇತ್ತು ಎಂದರೆ ಸಾಕಿತ್ತು. ಒಲೆಯೂ ಉಳಿಯುತ್ತಿತ್ತು, ಗೆಳತಿಯೂ ಉಳಿಯುತ್ತಿದ್ದಳು. ಗೊಲ್ಲಾಳಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದಳು. ಬಾವಿಯ ಕಟ್ಟೆಯ ಮೇಲೆ ಕಂದೀಲಿನ ತಂತಿಯ ಹಿಡಿಯೊಂದು ಕರಕಾಗಿ ಇನ್ನೂ ಹಾಗೆಯೇ ಬಿದ್ದಿತ್ತು.

“ಸರಿ ಇರಲಿಲ್ರಿ,” ಎಂದಳು. “ಕ್ಯಾಂಪಿನಾಗ ನೀರು ಒತ್ತಿ ಬಿಟ್ರಲ್ರಿ, ಲೋಟ ನಡುಗಿದ್ವಲ್ಲ, ಅದರ ಮರುವಾರನ ಕೆಟ್ಟದರಿ. ಬ್ಯಾಳಿ ಬೇಯಲಿಲ್ಲ. ಕಾಲುವಿ ನೀರಾಗ ಇಟ್ಟು ನೋಡಿದೆ, ಬೆಂದ್ವು. ಅವತ್ತ ನನಗ ಗೊತ್ತಾತು.”

“ಬೇಳೆ ಬೇಯದೆ ಇರೋಕೆ ಹತ್ತು ಕಾರಣ ಇರುತ್ತೆ ಸರ್,” ಎಂದು ಸೂಪರ್‌ವೈಜರ್ ನಕ್ಕ. ಅಧಿಕಾರಿಯೂ ಅರೆಬರೆ ನಕ್ಕು, ಬಾಟಲಿಯಲ್ಲಿ ನೀರು ತುಂಬಲು ಜವಾನನಿಗೆ ಹೇಳಿದರು.

ಖುರ್ಷೀದಬೇಗಂ ನಗಲಿಲ್ಲ. ಆಕೆ ಗೊಲ್ಲಾಳಮ್ಮನ ಹತ್ತಿರ ಬಂದಳು, ಎಷ್ಟು ಹತ್ತಿರವೆಂದರೆ ಉಸಿರು ತಾಗುವಷ್ಟು.

“ನಿನಗ ಗೊತ್ತಿತ್ತಾ?”

ಗೊಲ್ಲಾಳಮ್ಮ ಹೌದೆಂದು ತಲೆಯಾಡಿಸಿದಳು.

“ನನ್ನ ಮಗಳು ದಿನಾ ಕುಡೀತಿದ್ಲು. ನೀ ನಿನ್ನ ಒಲಿಗೆ ಬ್ಯಾರೆ ನೀರು ತರಿಸಿಕೊಂಡಿ. ನನ್ನ ಮಗನ ಕೈಲೇ ತರಿಸಿಕೊಂಡಿ.” ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ಲೆಕ್ಕ ಹೇಳುವವಳಂತೆ ಹೇಳಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.

ಬಾಟಲಿಯ ನೀರು ಯಾದಗಿರಿಗೆ ಹೋಯಿತು. ಅಲ್ಲಿಂದ ಉತ್ತರ ಬರಲಿಲ್ಲ. ಹುಡುಗರು ಮಾರನೆಯ ದಿನದಿಂದಲೇ ಖಾನಾವಳಿಗೆ ಬರುವುದನ್ನು ಬಿಟ್ಟರು. ಅವರ ಊಟ ಸುರಪುರದಿಂದ ಡಬ್ಬಿಯಲ್ಲಿ ಬರತೊಡಗಿತು. ಗೊಲ್ಲಾಳಮ್ಮನ ಮಾತಿನಿಂದ ಕ್ಯಾಂಪೇನೂ ನಿಲ್ಲಲಿಲ್ಲ. ನಿಂತದ್ದು ಮಳೆಗಾಲ ಮುಗಿದ ಮೇಲೆ, ತನ್ನಷ್ಟಕ್ಕೆ ತಾನೇ. ಅಂದುಕೊಂಡಷ್ಟು ಗ್ಯಾಸು ಇಲ್ಲವಂತೆ. ಗೋಪುರ ಬಿಚ್ಚಿ ಲಾರಿಗೆ ಹೇರಿದರು. ಬಾಡಿಗೆಗೆ ಕೊಟ್ಟಿದ್ದ ಹೊಲ ಮರಳಿ ಬಂತು. ಕೊಳಕು ನೀರು ನಿಲ್ಲಿಸಿದ್ದ ಗುಂಡಿಯ ಸುತ್ತ ನೆಲ ಬೆಳ್ಳಗೆ ಹೆಪ್ಪುಗಟ್ಟಿತ್ತು, ಜಾಲಿ ಕೂಡ ಏಳಲಿಲ್ಲ. ಕಾವಲಿನ ಹುಡುಗರು ಗುಳೆ ಹೋದರು. ಗೊಲ್ಲಾಳಮ್ಮ ತಗಡು ಬಿಚ್ಚಿ ಮಾರಿ, ಹತ್ತಿ ಬಿಡಿಸಲು ಮತ್ತೆ ಹೊಲಕ್ಕೆ ಹೋದಳು. ಮೊದಲ ದಿನ ಪಕ್ಕದ ಸಾಲಿನಲ್ಲಿ ಯಾರೂ ನಿಲ್ಲಲಿಲ್ಲ.

ಇದೆಲ್ಲದರ ನಡುವೆಯೇ ರಾಬಿಯಾ ಶಹಾಪುರದ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತು ಬಂದಳು. ಕೂಸು ಸಣ್ಣದು, ತೂಕ ಸಾಲದು ಎಂದರು. ಸುದ್ದಿ ಕೇಳಿದ ಬೆಳಿಗ್ಗೆ ಗೊಲ್ಲಾಳಮ್ಮ ಕಾಲುವೆಗೆ ಹೋಗಿ ಒಂದು ಕೊಡ ತುಂಬಿ ತಂದು ಖುರ್ಷೀದಳ ಹಿತ್ತಲ ಬಾಗಿಲಿನ ಕಟ್ಟೆಯ ಮೇಲೆ ಇಟ್ಟು ಬಂದಳು. ಕರೆಯಲಿಲ್ಲ. ಹೊಲದಿಂದ ಬರುವಾಗ ನೋಡಿದರೆ ಬೇವಿನ ಬುಡ ಹಸಿಯಾಗಿತ್ತು, ಕೊಡ ಬೋರಲಾಗಿತ್ತು. ಮರುದಿನವೂ ತಂದಿಟ್ಟಳು. ಮರುದಿನವೂ ಬೇವಿನ ಬುಡ ಹಸಿಯಾಯಿತು. “ಯಾಕ ಸುಮ್ನ ಹೊತ್ತು ಸಾಯ್ತಿ?” ಎಂದ ಅಯ್ಯಣ್ಣ. ಆಕೆ ಸಿಂಬಿ ಸುತ್ತಿಕೊಂಡು ಹೊರಟಳು.

ಹೀಗೆಯೇ ತಿಂಗಳುಗಳು ಕಳೆದು, ಬೇಸಿಗೆ ಹತ್ತಿರವಾಗಿ ಕಾಲುವೆ ಬಂದ್ ಆಯಿತು. ಬಾಲದ ಕಡೆ ಎರಡೇ ದಿನದಲ್ಲಿ ಕೆಸರು ಒಡೆಯಿತು. ಗೊಲ್ಲಾಳಮ್ಮ ಕಾಲುವೆಯ ಗೇಟಿನ ತನಕ ನಡೆದು, ತಗ್ಗಿನಲ್ಲಿ ನಿಂತ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿಕೊಂಡು ಬರುವಷ್ಟರಲ್ಲಿ ಬಿಸಿಲೇರಿತ್ತು. ಕೊಡ ಕಟ್ಟೆಯ ಮೇಲಿಟ್ಟು ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ಒಳಗಿನಿಂದ ಕೂಸು ಅಳುವ ದನಿ ಕೇಳಿಸಿತು. ಬಾಗಿಲು ತೆರೆಯಿತು. ಬಂದದ್ದು ಯೂನುಸ.

ಅವನು ಆಕೆಯನ್ನು ನೋಡಿದ, ಕೊಡವನ್ನು ನೋಡಿದ. ಬಗ್ಗಿ ಕಂಠ ಹಿಡಿಯಲು ಹೋದ. ಅಂಟಿದ ಬೆರಳು ಜಾರಿದವು. ಗೊಲ್ಲಾಳಮ್ಮ ಒಂದು ಹೆಜ್ಜೆ ಮುಂದಿಟ್ಟು, ಹೊಸ್ತಿಲಿನ ಕಡೆ ನೋಡಿ, ಅಲ್ಲೇ ನಿಂತಳು. ಅವನು ಮಂಡಿಯೂರಿ ಎರಡೂ ಮುಂಗೈಗಳಿಂದ ಕೊಡವನ್ನು ಎದೆಗೆ ಅವುಚಿಕೊಂಡು ಎದ್ದ. ತುಳುಕಿದ ನೀರು ಅಂಗಿಯನ್ನು ತೋಯಿಸಿ ಹೊಸ್ತಿಲ ತನಕ ಸಾಲಾಗಿ ಬಿತ್ತು. ಅವನು ಒಳಗೆ ಹೋದ.

ಕೂಸಿನ ಅಳು ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಖುರ್ಷೀದಳ ಬಳೆಯ ಕೈ ಹೊರಗೆ ಬಂದು, ಬರಿದಾದ ಕೊಡವನ್ನು ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಒಳಗೆ ಸರಿಯಿತು.